ಮಾವನ ಒಂದನೇ ನಂಬರಿನ ಪ್ರಶ್ನೆ

ನೈರೋಬಿಯಲ್ಲಿ ಒಂಟೆಯ ಹೊಟ್ಟೆಗೆ ಟೇಪು ಹಿಡಿದು ಅಳತೆ ತೆಗೆದ ಕನ್ನಡಿಗ ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬರೇ. ಈ ಮಾತಿಗೆ ಯಾರದಾದರೂ ತಕರಾರಿದ್ದರೆ ಈಗಲೇ ಹೇಳಿಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ! ಅವರೇನು ಒಂಟೆ ಕೊಳ್ಳಲು ಹೋಗಿರಲಿಲ್ಲ. ಅದಕ್ಕೆ ಕೋಟು ಹೊಲಿಸುವ ಯೋಚನೆಯೂ ಅವರಿಗಿರಲಿಲ್ಲ. ಶ್ರೀಮಂತನಾದವನು ದೇವರ ರಾಜ್ಯಕ್ಕೆ ಹೋಗುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನೊಳಗೆ ನುಗ್ಗುವುದೇ ಸುಲಭ ಎಂಬ ಅರ್ಥದ ಮಾತು ಬೈಬಲಿನ ಸುವಾರ್ತೆಯಲ್ಲಿ ಬರುತ್ತದಲ್ಲ, ಅದರ ಬಗ್ಗೆ ಯಾರೋ ಅವರನ್ನು ಒಂದು ಪ್ರಶ್ನೆ ಕೇಳಿದ್ದರು. ಅಷ್ಟೇ.

ಮಾವ ಎಂದರೆ ನನ್ನ ತಾಯಿಯ ಒಬ್ಬನೇ ಅಣ್ಣ. ನಮ್ಮದು ಮೈಸೂರಿನ ಕ್ರೈಸ್ತ ಮನೆತನ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಮಾವ ಬೊಂಬಾಯಿಯಲ್ಲಿ ಹಡಗು ಹತ್ತಿ ಮೊಂಬಾಸಾದಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ನೈರೋಬಿಗೆ ಬಂದು, ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಉಳಿದುಬಿಟ್ಟರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ಆ ಪ್ರಶ್ನೆ ಸುವಾರ್ತೆಯಲ್ಲಿಲ್ಲ, ನನ್ನ ಇಲಾಖೆಗೆ ಬರುವುದಿಲ್ಲ ಎನ್ನುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ನಾನು ಗಂಡನ ಜೊತೆ, ಕೈಗೂಸನ್ನು ಎತ್ತಿಕೊಂಡು ಇಲ್ಲಿಗೆ ಬಂದೆ. ಅಷ್ಟು ಹೊತ್ತಿಗೆ ಮಾವ ಸ್ಪ್ರಿಂಗ್ ವ್ಯಾಲಿಯ ದೊಡ್ಡ ಬಂಗಲೆಯೊಂದರ ಹಿಂದಿನ ಔಟ್‌ಹೌಸಿನಲ್ಲಿ, ತಲೆಯ ಮೇಲೆ ಮೂರೂವರೆ ಕೂದಲು ಉಳಿಸಿಕೊಂಡು, ನಮ್ಮ ಜನರಿಗೆಲ್ಲ ಸುವಾರ್ತೆಯ ಕಷ್ಟದ ಭಾಗಗಳನ್ನು ಬಿಡಿಸಿಕೊಡುವ ಕಾಯಕ ಹಿಡಿದಿದ್ದರು.

ಕಾಯಕ ಎಂದರೆ ಬರೀ ಹರಟೆ ಎಂದುಕೊಂಡಿರಾ? ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಜಗುಲಿಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ನಮ್ಮ ಕಡೆಯ ಡಾಕ್ಟರು, ಮೇಷ್ಟ್ರು, ಹೊಸದಾಗಿ ಬಂದ ದಂಪತಿಗಳು, ಹೀಗೆ. ಮಾವ ಮೂರು ಮೂಲೆಯ ಹಾಲಿನ ಪ್ಯಾಕೆಟ್ ಕತ್ತರಿಸಿ ಚಹಾ ಕಾಯಿಸಿ, ಒಳಗಿನಿಂದ ಒಂದು ಲ್ಯಾಬ್ ರೆಕಾರ್ಡ್ ಪುಸ್ತಕ ತರುತ್ತಿದ್ದರು. ಕಾಲೇಜಿನ ಹುಡುಗರು ಎಲೆ ಬೇರು ಬರೆಯುವಂಥದ್ದೇ. ಅದರಲ್ಲಿ ಮೂರು ಅಂಕಣ: ಪ್ರಶ್ನೆ, ಪ್ರಯೋಗ, ಫಲಿತಾಂಶ. ಪ್ರಶ್ನೆಗಳಿಗೆಲ್ಲ ನಂಬರು. ಫಲಿತಾಂಶದ ಅಂಕಣದಲ್ಲಿ "ಗೊತ್ತು" ಅಥವಾ "ಗೊತ್ತಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತಿತ್ತು. ಇನ್ನೊಂದು ನಿಯಮವಿತ್ತು. ಎರವಲು ಪ್ರಶ್ನೆಗೆ ಪ್ರವೇಶವಿಲ್ಲ! ಯಾರು ಏನೇ ಕೇಳಿದರೂ ಮಾವ ಕನ್ನಡಕ ಹಣೆಗೇರಿಸಿ ಮೊದಲು ಒಂದೇ ಮಾತು ಕೇಳುತ್ತಿದ್ದರು: "ಇದು ನಿಮಗೆ ಎಲ್ಲಿ ಚುಚ್ಚುತ್ತೆ?" ಎಲ್ಲೂ ಚುಚ್ಚುವುದಿಲ್ಲ, ಸುಮ್ಮನೆ ಕೇಳಿದೆ ಎಂದವರಿಗೆ ಚಹಾ ಮಾತ್ರ ಸಿಗುತ್ತಿತ್ತು.

ಇಂಥ ಮನುಷ್ಯನ ಬಗ್ಗೆ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಕೇಳದ ಸಂಗತಿಯೊಂದಿತ್ತು. ಚರ್ಚಿನಲ್ಲಿ ಪ್ರಭುಭೋಜನದ ಹೊತ್ತಿಗೆ ನಾವೆಲ್ಲ ಎದ್ದು ಮುಂದೆ ಹೋಗಿ, ಮೊಣಕಾಲೂರಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದೆವು. ಮಾವ ಮಾತ್ರ ಕೊನೆಯ ಬೆಂಚಿನಲ್ಲಿ ಕೂತೇ ಇರುತ್ತಿದ್ದರು. ಊರಿಗೆಲ್ಲ ಉತ್ತರ ಹೇಳುವವರು ತಾವೊಬ್ಬರೇ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದ್ದಕ್ಕೆ, "ಒಂದನೇ ನಂಬರು ಬಾಕಿ ಇದೆ ಕಣೇ" ಎಂದರು. ಆ ಪುಸ್ತಕದ ಮೊದಲ ಪುಟಕ್ಕೆ ಅವರು ಕಂದು ಕಾಗದ ಅಂಟಿಸಿ ಮುಚ್ಚಿದ್ದರು. ಫಲಿತಾಂಶದ ಜಾಗದಲ್ಲಿ "ಗೊತ್ತಿಲ್ಲ" ಎಂಬ ಹಳೆಯ ಕೆಂಪು ಅಕ್ಷರಗಳಷ್ಟೇ ಹೊರಗೆ ಕಾಣುತ್ತಿದ್ದವು.

ಅದಿರಲಿ, ಒಂಟೆಗೆ ಬರೋಣ. ಪ್ರಶ್ನೆ ಕೇಳಿದವರು ನೈರೋಬಿಯ ರಿವರ್‌ಸೈಡಿನಲ್ಲಿ ಮನೆಗಳ ಮೇಲೆ ಮನೆ ಕಟ್ಟಿಸಿದ್ದ ನಮ್ಮವರೇ ಒಬ್ಬರು. ಸೂಜಿಯ ಕಣ್ಣು ಅಂದರೆ ಯೆರೂಸಲೇಮಿನಲ್ಲಿದ್ದ ಒಂದು ಚಿಕ್ಕ ಬಾಗಿಲಂತೆ, ಒಂಟೆ ಹೊರೆ ಇಳಿಸಿ ಮಂಡಿಯೂರಿದರೆ ಅದರಲ್ಲಿ ಆರಾಮಾಗಿ ದಾಟಬಹುದಂತೆ, ಹೌದೇ ಎಂದು ಕೇಳಿದರು. ಪ್ರಶ್ನೆ ಎಲ್ಲಿ ಚುಚ್ಚುತ್ತದೆಂದು ಮಾವ ಕೇಳಬೇಕಾದ್ದೇ ಇರಲಿಲ್ಲ, ಅವರ ಮುಖದಲ್ಲೇ ಬರೆದಿತ್ತು. ಮಾವ ಪ್ರಯೋಗದ ಅಂಕಣದಲ್ಲಿ "ಒಂಟೆ ನೋಡಬೇಕು" ಎಂದು ಬರೆದುಕೊಂಡರು.

ಆ ವರ್ಷದ ಕೃಷಿ ಪ್ರದರ್ಶನಕ್ಕೆ ಮಕ್ಕಳನ್ನು ಕೂರಿಸಿ ಸುತ್ತಿಸಲು ಉತ್ತರದ ಕಡೆಯಿಂದ ಒಂಟೆಗಳು ಬಂದಿದ್ದವು. ಮಾವ ನನ್ನನ್ನೂ ನನ್ನ ಮಗಳನ್ನೂ ಎಳೆದುಕೊಂಡು ಹೊರಟರು. ಕೋಟಿನ ಒಂದು ಜೇಬಿನಲ್ಲಿ ದರ್ಜಿಯ ಟೇಪು, ಇನ್ನೊಂದರಲ್ಲಿ ಗೋಣಿಚೀಲ ಹೊಲಿಯುವ ಆರಂಗುಲದ ದಬ್ಬಣ. ಅನುಮತಿ ಕೇಳದೆ ಸೀದಾ ಒಂಟೆಯ ಹೊಟ್ಟೆಗೆ ಟೇಪು ಸುತ್ತತೊಡಗಿದ ಈ ಮುದುಕರನ್ನು ಕಂಡು ಒಂಟೆಯವನು ಏನು ವಿಷಯ ಎಂದು ಸ್ವಾಹಿಲಿಯಲ್ಲಿ ಕೇಳಿದ. ಮಾವ ದಬ್ಬಣವನ್ನು ಎತ್ತಿ ಹಿಡಿದು, ಇದರೊಳಗೆ ಇದು ಹೋಗುತ್ತದೋ ನೋಡಬೇಕು ಎಂದು ವಿವರಿಸಲು ಹೊರಟು, "ಸಿಂಡಾನೊ" ಎಂದರು. ಸಿಂಡಾನೊ ಎಂದರೆ ಸೂಜಿ. ಸರಿಯಾದ ಪದವೇ! ಆದರೆ ನಮ್ಮಲ್ಲಿ ಡಾಕ್ಟರು ಚುಚ್ಚುವುದಕ್ಕೂ ಸೂಜಿ ಎನ್ನುವುದಿಲ್ಲವೇ? ಸ್ವಾಹಿಲಿಯಲ್ಲೂ ಹಾಗೇ. ಕನ್ನಡಕ ಹಾಕಿಕೊಂಡ, ಟೇಪಿನಿಂದ ಅಳತೆ ತೆಗೆಯುವ, ಆರಂಗುಲದ ಸೂಜಿ ಹಿಡಿದ ಮನುಷ್ಯನನ್ನು ಅವನು ದನದ ಡಾಕ್ಟರೆಂದುಕೊಂಡ. ಒಂಟೆಯ ಮೂಗುದಾರ ಹಿಡಿದು ಓಟ ಕಿತ್ತ. ಮಾವ ಟೇಪಿನ ತುದಿ ಬಿಡದೆ ಅವನ ಹಿಂದೆ, ನಾನು ಮಾವನ ಹಿಂದೆ, ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತ ನನ್ನ ಹಿಂದೆ.

ಕೊನೆಗೆ ವಿಷಯ ತಿಳಿದ ಮೇಲೆ ಅವನೂ ನಕ್ಕು, ತಾನೇ ಟೇಪಿನ ಇನ್ನೊಂದು ತುದಿ ಹಿಡಿದ. ಮುಂದಿನ ಭಾನುವಾರ ಮಾವ ಫಲಿತಾಂಶ ಓದಿದರು. ಒಂಟೆ ಹೋಗುವುದಿಲ್ಲ. ದಬ್ಬಣದಲ್ಲೂ ಹೋಗುವುದಿಲ್ಲ. ಬಾಗಿಲನ್ನು ಕಂಡವರಿಲ್ಲ. ರಿವರ್‌ಸೈಡಿನವರ ಮುಖ ಸಣ್ಣಗಾಯಿತು. ಸ್ಪ್ರಿಂಗ್ ವ್ಯಾಲಿಯಲ್ಲಿ ಬಾಡಿಗೆ ಏರಿದ ಹಾಗೆಲ್ಲ ಜನ ಸೂಜಿಯ ಕಣ್ಣನ್ನೂ ಅಗಲ ಮಾಡುತ್ತ ಬಂದಿದ್ದಾರೆ ಎಂದು ಮಾವ ಕಿಚಾಯಿಸಿದರು. ಆಮೇಲೆ ಅವರ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಮುಂದಿನ ಮಾತು ಓದಿ ಸ್ವಾಮಿ. ಮನುಷ್ಯರ ಕೈಲಾಗದ್ದು ದೇವರ ಕೈಲಾಗುತ್ತೆ ಅಂತಿದೆ. ಬಾಗಿಲೇ ಸಾಕಾಗಿದ್ದಿದ್ರೆ ದೇವರು ಯಾತಕ್ಕೆ ಬೇಕಿತ್ತು?" ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಇನ್ನು ಇತ್ತ ತಲೆ ಹಾಕಲಿಕ್ಕಿಲ್ಲ ಎಂದುಕೊಂಡೆ. ಮುಂದಿನ ವಾರ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು.

ಅಂಜೂರದ ಕಥೆ ಇನ್ನೂ ಉದ್ದ. ಯೇಸು ಹಸಿದು ಅಂಜೂರದ ಮರದ ಹತ್ತಿರ ಹೋಗುತ್ತಾನೆ, ಬರೀ ಎಲೆ ಇರುತ್ತದೆ, ಶಾಪ ಕೊಡುತ್ತಾನೆ, ಮರ ಒಣಗುತ್ತದೆ. ಅದು ಹಣ್ಣಿನ ಕಾಲವೇ ಅಲ್ಲ ಎಂದು ಅಲ್ಲೇ ಬರೆದಿದೆ! ಹಾಗಾದರೆ ಪಾಪದ ಮರದ ತಪ್ಪೇನು ಎಂದು ಒಬ್ಬ ಟೀಚರಮ್ಮ ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಒಂದು ವ್ಯಾಖ್ಯಾನ ತೆಗೆದು ಓದುತ್ತಿದ್ದರು. ನಮ್ಮ ಮಾವ ಅಂಜೂರದ ಕಡ್ಡಿ ತಂದು ನೆಟ್ಟರು. ನಾಲ್ಕು ವರ್ಷ ಕಾದರು. ಜುಲೈ ಚಳಿಗೆ ಎಲೆ ಉದುರುವುದು, ಮತ್ತೆ ಚಿಗುರುವುದು, ಎಲ್ಲವನ್ನೂ ಬರೆದಿಟ್ಟರು. ಎಲೆ ಬರುವ ಹೊತ್ತಿಗೇ ಸಣ್ಣ ಗಟ್ಟಿ ಕಾಯಿಗಳೂ ಕೊಂಬೆಯ ಮೇಲೆ ಕೂತಿರುತ್ತವೆ, ಹಣ್ಣಿನ ಕಾಲ ಬರುವ ಎಷ್ಟೋ ಮುಂಚೆ. ಮರದ ತುಂಬ ಎಲೆ ಇದ್ದು ಒಂದು ಕಾಯಿಯೂ ಇಲ್ಲವೆಂದರೆ ಆ ಮರ ಹೋಟೆಲಿನ ಬೋರ್ಡು ಹಾಕಿ ಒಲೆ ಹಚ್ಚದೆ ಕೂತಿದೆ ಎಂದೇ ಅರ್ಥ. ಸಿಟ್ಟು ಮರದ ಮೇಲಲ್ಲ, ಬೋರ್ಡಿನ ಮೇಲೆ. ಇದನ್ನು ಮಾವ ಏರೋಗ್ರಾಮಿನಲ್ಲಿ ಬರೆದು ಟೀಚರಮ್ಮನಿಗೆ ಕಳಿಸಿದರು, ಏಕೆಂದರೆ ಅಷ್ಟರಲ್ಲಿ ಅವರು ದಾರ್ ಎಸ್ ಸಲಾಮಿಗೆ ಹೋಗಿ ಮೂರು ವರ್ಷವಾಗಿತ್ತು. ತುಂಬ ಸಂತೋಷ, ಆದರೆ ಪ್ರಶ್ನೆ ಏನಿತ್ತು ಎಂದು ಅವರು ಉತ್ತರ ಬರೆದರು!

ತಮಾಷೆ ಏನೆಂದರೆ, ಐದನೇ ವರ್ಷ ಮಾವನ ಮರವೇ ಮೈತುಂಬ ಎಲೆ ಹೊತ್ತು ಒಂದೂ ಕಾಯಿಯಿಲ್ಲದೆ ನಿಂತಿತು. ಶಾಪ ಕೊಡುತ್ತಾರೇನೋ ಎಂದು ನಾವೆಲ್ಲ ನೋಡುತ್ತಿದ್ದೆವು. ಮಾವ ಹಾರೆ ಹಿಡಿದು ಬುಡ ಅಗೆದು ಗೊಬ್ಬರ ಹಾಕಿದರು. ಸುವಾರ್ತೆಯ ಇನ್ನೊಂದು ಕಥೆಯಲ್ಲಿ ತೋಟದವನು ಮರ ಕಡಿಯಬೇಡಿ, ಇದೊಂದು ವರ್ಷ ಬಿಡಿ ಎಂದು ಯಜಮಾನನನ್ನು ಬೇಡಿಕೊಳ್ಳುತ್ತಾನಲ್ಲ, ನಾನು ಆ ತೋಟದವನ ಪಾರ್ಟಿ ಎಂದರು.

ಎಲ್ಲದಕ್ಕೂ ಉತ್ತರ ಸಿಗುತ್ತಿತ್ತೆಂದಲ್ಲ. ಅಪ್ಪರ್ ಹಿಲ್ಲಿನ ಆಸ್ಪತ್ರೆಯ ಡಾಕ್ಟರೊಬ್ಬರು ಹಂದಿಗಳ ವಿಷಯ ಎತ್ತಿದರು. ಯೇಸು ಒಬ್ಬನ ಮೈಯಿಂದ ಬಿಡಿಸಿದ ದೆವ್ವಗಳು ಹೊಕ್ಕು ಎರಡು ಸಾವಿರ ಹಂದಿಗಳು ನೀರಿಗೆ ಬಿದ್ದು ಸತ್ತವಲ್ಲ, ಹಂದಿ ಸಾಕಿದವನು ಏನು ಪಾಪ ಮಾಡಿದ್ದ ಎಂದು. ಮಾವ ಮೂರು ತಿಂಗಳು ತಲೆ ಕೆಡಿಸಿಕೊಂಡು ಕೊನೆಗೆ ಗೊತ್ತಿಲ್ಲ ಎಂದರು. ಇದನ್ನು ಕೇಳುವುದಕ್ಕೆ ಇಷ್ಟು ವಾರ ಬಂದೆನೇ ಎಂದು ಡಾಕ್ಟರಿಗೆ ರೇಗಿತು. ನೀವು ರೋಗಿಗಳ ಹತ್ತಿರ ದಿನಕ್ಕೆಷ್ಟು ಸಲ ಗೊತ್ತಿಲ್ಲ ಅನ್ನುತ್ತೀರಿ ಎಂದು ಮಾವ ಕೇಳಿದರು. ಒಮ್ಮೆಯೂ ಇಲ್ಲ ಎಂದರು ಡಾಕ್ಟರು, ಎದೆ ಸೆಟೆಸಿ. "ಅದಕ್ಕೇ ನನಗೆ ನಿಮ್ಮ ಆಸ್ಪತ್ರೆಗೆ ಬರೋಕೆ ಭಯ" ಎಂದರು ಮಾವ. ನಾವೆಲ್ಲ ನಕ್ಕೆವು, ಡಾಕ್ಟರೂ ನಕ್ಕರು. ಆದರೆ ನಿಜ ಹೇಳುತ್ತೇನೆ, ಅಂದು ಮನೆಗೆ ಬರುವಾಗ ನನಗೆ ಮಾವನ ಮೇಲೆ ಒಂದು ಥರದ ಭಯಭಕ್ತಿಯೇ ಹುಟ್ಟಿತ್ತು. ದೇವರ ವಿಷಯದಲ್ಲಿ ಗೊತ್ತಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆಯುವಷ್ಟು ದೇವರನ್ನು ನಂಬಿದವರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಹೀಗಿರುವಾಗ ನನ್ನ ಮನೆಗೇ ಬೆಂಕಿ ಬಿತ್ತು. ನನ್ನ ಮಗಳಿಗೆ ಹದಿನಾಲ್ಕು ತುಂಬಿ, ಚರ್ಚಿನಲ್ಲಿ ದೃಢೀಕರಣದ ತರಗತಿಗೆ ಸೇರಿದ್ದಳು. ಅದು ಮುಗಿದರೆ ಮಕ್ಕಳು ಮೊದಲ ಸಲ ಪ್ರಭುಭೋಜನ ತೆಗೆದುಕೊಳ್ಳುತ್ತಾರೆ. ಬಿಳಿ ಫ್ರಾಕು ಹೊಲಿಸಿಯಾಗಿತ್ತು, ಮೈಸೂರಿಗೆ ಅಮ್ಮನಿಗೆ ಕಾಗದ ಬರೆದೂ ಆಗಿತ್ತು. ಇನ್ನು ಎರಡು ವಾರ ಇದೆ ಎನ್ನುವಾಗ ಇವಳು ನಾನು ಮುಂದೆ ಹೋಗುವುದಿಲ್ಲ ಎಂದು ಕೂತುಬಿಟ್ಟಳು. ಕಾರಣ? ಕಾನಾ ಊರಿನ ಮದುವೆ. ದ್ರಾಕ್ಷಾರಸ ಮುಗಿದುಹೋಗಿದೆ ಎಂದು ತಾಯಿ ಬಂದು ಹೇಳಿದರೆ, ಯೇಸು ಅವಳನ್ನು 'ವುಮನ್' ಎಂದು ಕರೆದು, ನನಗೂ ನಿನಗೂ ಏನು ಸಂಬಂಧ ಎನ್ನುವ ಹಾಗೆ ಮಾತಾಡುತ್ತಾನಂತೆ. ನಾನು ನಿನ್ನನ್ನು ವುಮನ್ ಅಂದರೆ ನೀನು ಬಿಡುತ್ತೀಯಾ, ಕಪಾಳಕ್ಕೆ ಬಾರಿಸುವುದಿಲ್ಲವಾ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದಳು. ಬಾರಿಸುತ್ತಿದ್ದೆ, ಅನುಮಾನವೇ ಇಲ್ಲ! ಅವರ ಪಾಸ್ಟರು, ಪಾಪ ಒಳ್ಳೆಯ ಮನುಷ್ಯ, ಆ ಕಾಲದಲ್ಲಿ ಅದು ಮರ್ಯಾದೆಯ ಮಾತಾಗಿತ್ತು ಎಂದು ಹೇಳಿ ನೋಡಿದ್ದರಂತೆ. ಇವಳು ಒಪ್ಪಿಲ್ಲ. ಭಾನುವಾರ ಅವಳನ್ನು ಮಾವನ ಜಗುಲಿಗೆ ಎಳೆದುಕೊಂಡು ಹೋದೆ. ಅಂದು ಮಳೆ, ಬೇರೆ ಯಾರೂ ಬಂದಿರಲಿಲ್ಲ.

ಪ್ರಶ್ನೆ ಕೇಳಿಸಿಕೊಂಡ ಮಾವ ಪುಸ್ತಕ ತೆರೆಯಹೋಗಿ ಹಾಗೇ ಮುಚ್ಚಿದರು. ಆಮೇಲೆ ಕನ್ನಡಕ ಹಣೆಗೇರಿಸಿ, ಎಲ್ಲಿ ಚುಚ್ಚುತ್ತೆ ಎಂದರು. ಅಮ್ಮನ ಹತ್ತಿರ ಹಾಗೆ ಮಾತಾಡುವವನು ಕೊಡುವ ರೊಟ್ಟಿ ನನಗೆ ಬೇಡ ಎಂದಳು ಮಗಳು. ಮಾವ ತಲೆಯಾಡಿಸಿ, ಇಂಗ್ಲಿಷಿನಲ್ಲಿ ಕೇಳಿದ್ದಾಯಿತು, ಈಗ ಸ್ವಾಹಿಲಿಯಲ್ಲಿ ಕೇಳಿಕೊಂಡು ಬಾ ಎಂದು ಅವಳನ್ನು ಗೇಟಿಗೆ ಕಳಿಸಿದರು. ಅಲ್ಲಿ ಸುಕುಮಾ ಸೊಪ್ಪು ಮಾರುವ ಹೆಂಗಸು ಚೀಲದಲ್ಲಿ ಸೊಪ್ಪಿನ ಜೊತೆ ಒಂದು ಬೈಬಲನ್ನೂ ಇಟ್ಟುಕೊಂಡು ಕೂರುತ್ತಿದ್ದಳು. ಮಗಳು ನೆನೆದುಕೊಂಡು ವಾಪಸು ಬಂದಳು. ಅದರಲ್ಲಿ 'ಮಾಮಾ' ಎಂದಿದೆಯಂತೆ. ನಾವು ಆ ಸೊಪ್ಪಿನವಳನ್ನು ಕರೆಯುವುದೂ ಮಾಮಾ ಎಂದೇ. ಈಗ ಕನ್ನಡ ಎಂದು ಮಾವ ತಮ್ಮ ಹಳೆಯ ಬೈಬಲು ತೆಗೆದು ಅವಳಿಗೆ ಒಂದೇ ಒಂದು ಪದ ತೋರಿಸಿದರು. ಇವಳಿಗೆ ಕನ್ನಡ ಓದಲು ತಡವರಿಕೆ. ಬೆರಳಿಟ್ಟು ಕೂಡಿಸಿ ಓದಿದಳು. ಅಮ್ಮಾ.

"ನಾನು ನಿನ್ನ ಏನಂತ ಕರೀತೀನಿ?" ಎಂದರು ಮಾವ.

ಮಗಳು ಯೋಚಿಸಿದಳು. ಬಾಮ್ಮಾ, ಕೂತ್ಕೋಮ್ಮಾ, ಚಹಾ ಕುಡಿಯಮ್ಮಾ. ಹೆತ್ತವಳೂ ಅಮ್ಮ, ಸೊಪ್ಪಿನವಳೂ ಅಮ್ಮ, ತೊಟ್ಟಿಲ ಕೂಸೂ ಅಮ್ಮ! ನಮ್ಮ ಭಾಷೆಯಲ್ಲಿ ಎಂಥ ಗದರಿಕೆಯಾದರೂ ಈ ಪದದ ಬಾಗಿಲು ದಾಟಿಯೇ ಹೊರಗೆ ಬರಬೇಕು. ಇಷ್ಟು ವರ್ಷ ದಿನಕ್ಕೆ ನೂರು ಸಲ ಆಡಿದ ಪದ, ನಾನು ಒಮ್ಮೆಯೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಸದ್ಯ, ಗೆದ್ದೆವು ಎಂದುಕೊಂಡೆ. ಆದರೆ ಅವಳು ಮಾವನ ಶಿಷ್ಯೆಯಲ್ಲವೇ? ಪದ ಸರಿ ತಾತ, ಆದರೆ ಆಮೇಲಿನ ಮಾತು ಒರಟಾಗಿಯೇ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದಳು.

ಮಾವನ ಮುಖ ಇಳಿದುಹೋಯಿತು. ಪುಸ್ತಕ ತೆರೆದು, ಮೊದಲ ಪುಟದ ಕಂದು ಕಾಗದವನ್ನು ಉಗುರಿನಿಂದ ನಿಧಾನವಾಗಿ ಎಬ್ಬಿಸಿದರು. ಅಡಿಯಲ್ಲಿ ಇದ್ದದ್ದು ಅದೇ ಪ್ರಶ್ನೆ. ಕಾನಾದ ಮದುವೆ, ತಾಯಿಗೆ ಕೊಟ್ಟ ಉತ್ತರ. ಇದು ನನಗೆ ಗೊತ್ತಿಲ್ಲಮ್ಮಾ ಎಂದರು.

ಮಗಳು ತಾತನ ಮುಖವನ್ನೇ ನೋಡುತ್ತ, ತನಗೆ ಬರುವ ಮುರುಕು ಕನ್ನಡದಲ್ಲಿ ಕೇಳಿದಳು: "ತಾತ, ನಿಮಗೆ ಎಲ್ಲಿ ಚುಚ್ಚುತ್ತೆ?"

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೇ ತಿರುಗಿಸಿ ಕೇಳಿದವರು ಒಬ್ಬರೂ ಇರಲಿಲ್ಲ. ಮಾವ ಮಳೆಯ ಕಡೆ ತಿರುಗಿ ಕೂತರು. ಆಮೇಲೆ ಹೇಳಿದರು. ಮೈಸೂರಿನಿಂದ ಹೊರಟ ದಿನ ಬಾಗಿಲಲ್ಲಿ ಜಟಕಾ ನಿಂತಿತ್ತಂತೆ, ಸ್ನೇಹಿತರೆಲ್ಲ ಬೀಳ್ಕೊಡಲು ಬಂದಿದ್ದರಂತೆ. ಅವರ ತಾಯಿ, ಅಂದರೆ ನನ್ನ ಅಜ್ಜಿ, ಟ್ರಂಕಿಗೆ ಕಂಬಳಿ ತುರುಕುವುದು, ಇವರು ತೆಗೆಯುವುದು, ಆಕೆ ಮತ್ತೆ ತುರುಕುವುದು. ಸ್ನೇಹಿತರು ನಕ್ಕರಂತೆ. ಇವರಿಗೆ ಅವಮಾನವಾಯಿತು.

"ನನ್ನ ಉಸಾಬರಿ ನಿನಗ್ಯಾಕಮ್ಮಾ ಅಂದ್ಬಿಟ್ಟೆ. ಎಲ್ಲರ ಎದುರಿಗೆ. ಅವಳು ಒಳಗೆ ಹೋದಳು, ಮತ್ತೆ ಹೊರಗೆ ಬರಲೇ ಇಲ್ಲ. ನಾನು ಗಾಡಿ ಹತ್ತಿದೆ. ಎಂಟು ತಿಂಗಳಿಗೆ ಟೆಲಿಗ್ರಾಂ ಬಂತು."

ಅಜ್ಜಿ ತೀರಿಕೊಂಡ ಟೆಲಿಗ್ರಾಂ. ಆ ಮಾತಿಗೆ ಕ್ಷಮೆ ಕೇಳುವ ದಾರಿಯೇ ಮುಚ್ಚಿಹೋಯಿತು, ಕೇಳದೆ ರೊಟ್ಟಿಗೆ ಹೇಗೆ ಕೈ ಚಾಚಲಿ ಎಂದರು ಮಾವ. ಮಗಳು ತನ್ನ ಇಂಗ್ಲಿಷ್ ಬೈಬಲಿನ ಮೇಲೆ ಬಗ್ಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, ಆದರೆ ಈ ಅಮ್ಮ ಇಲ್ಲಿ ಅಳುತ್ತಾ ಇಲ್ಲವಲ್ಲ ಎಂದಳು. ಯೇಸುವಿನ ಆ ಮಾತು ಕೇಳಿಸಿಕೊಂಡ ತಾಯಿ ಸೀದಾ ಹೋಗಿ ಆಳುಗಳಿಗೆ, ಅವನು ಹೇಳಿದ ಹಾಗೆ ಮಾಡಿ ಎನ್ನುತ್ತಾಳಂತೆ. ಅಷ್ಟೇ. ಕೆಲಸಕ್ಕೆ ಹೋಗುತ್ತಾಳೆ.

ಅವನು ಹೇಳಿದ ಹಾಗೆ ಮಾಡು! ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ನನ್ನ ಅಮ್ಮನಿಗೆ ಎಡಗೈಯಲ್ಲಿ ಒಂದು ಸುಟ್ಟ ಕಲೆ ಇದೆ. ಅದರ ಕಥೆಯನ್ನು ಆಕೆ ನಗುನಗುತ್ತ ಹೇಳುತ್ತಿದ್ದಳು. ಅಣ್ಣ ಹೊರಡುವ ದಿನ ಆಕೆಗೆ ಹದಿನಾರು ವರ್ಷ, ಅಡುಗೆಮನೆಯಲ್ಲಿದ್ದಳು. ಅಜ್ಜಿ ಒಳಗೆ ಬಂದು, ಅವನು ಹೇಳಿದ ಹಾಗೆ ಮಾಡು, ಕಂಬಳಿ ಬೇಡ ಅಂದ್ರೆ ತೆಗೆದುಬಿಡು, ಥೇಟ್ ಅವರಪ್ಪನ ಹಾಗೇ ಅವನು, ಎಂದು ಗೊಣಗುತ್ತ ಒಲೆಯ ಮುಂದೆ ಕೂತಳಂತೆ. ಬಾಣಲೆಯಲ್ಲಿ ಕೋಡುಬಳೆಯ ಕೊನೆಯ ಒಬ್ಬೆ ಬೇಯುತ್ತಿತ್ತು. ಗಾಡಿ ಹೊರಡುತ್ತಿದೆ ಎಂದು ಕೂಗು ಬಿದ್ದಾಗ ಎಣ್ಣೆ ಬಿಟ್ಟು ಏಳಲಾರದೆ, ಬಿಸಿಬಿಸಿಯಾಗಿಯೇ ಡಬ್ಬಕ್ಕೆ ತುಂಬಿ ಅಮ್ಮನ ಕೈಗೆ ಕೊಟ್ಟು, ಓಡು ಓಡು, ಅವನ ಕೈಗೇ ಕೊಡು ಎಂದಳಂತೆ. ಅಮ್ಮ ಕೈ ಸುಟ್ಟುಕೊಂಡು ಬೀದಿಯ ತುದಿಯವರೆಗೂ ಓಡಿದಳು. ಅಣ್ಣ ಅಜ್ಜಿಗೆ ಏನಂದಿದ್ದ ಎಂಬುದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ಮಾವನಿಗೆ ಒಲೆಯ ಸಂಗತಿ ಗೊತ್ತಿಲ್ಲ. ಒಂದೇ ಕಥೆಯ ಒಂದರ್ಧ ಮೈಸೂರಿನಲ್ಲಿ ನಗಿಸುತ್ತ ಇತ್ತು, ಇನ್ನರ್ಧ ನೈರೋಬಿಯಲ್ಲಿ ಕಂದು ಕಾಗದದ ಕೆಳಗಿತ್ತು.

ನಾನು ತಡವರಿಸುತ್ತ ಇಷ್ಟನ್ನೂ ಹೇಳಿದೆ. ಮಾವ ಅಲುಗಾಡದೆ ಕೇಳಿದರು. ಡಬ್ಬವನ್ನು ತಂಗಿ ಕಪಾಟಿನಿಂದ ಕದ್ದು ತಂದಳು ಎಂದುಕೊಂಡಿದ್ದರಂತೆ. ಮೊಂಬಾಸಾದವರೆಗೂ ಅದನ್ನೇ ತಿಂದಿದ್ದರಂತೆ. ಒಂಟೆಯನ್ನು ಅಳೆದ ಮನುಷ್ಯ, ಅಂಜೂರಕ್ಕೆ ನಾಲ್ಕು ವರ್ಷ ಕಾದ ಮನುಷ್ಯ, ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡರು.

"ರೈಲು ಹತ್ತಿದಾಗಲೂ ಡಬ್ಬ ಬಿಸಿ ಇತ್ತು" ಎಂದರು. "ನಾನು ಯೋಚನೇನೇ ಮಾಡಲಿಲ್ಲ."

ಆಮೇಲೆ ಕೆಂಪು ಶಾಯಿಯ ಪೆನ್ನು ಹುಡುಕಿದರು. ಮಗಳೇ ಮುಚ್ಚಳ ತೆಗೆದುಕೊಟ್ಟಳು.

ಎರಡು ವಾರದ ಮೇಲೆ ಚರ್ಚಿನಲ್ಲಿ ಮಕ್ಕಳ ಹೆಸರು ಕರೆದು, ಪ್ರಾರ್ಥನೆಯಾಗಿ, ಪ್ರಭುಭೋಜನಕ್ಕೆ ಜನ ಏಳತೊಡಗಿದರು. ಬಿಳಿ ಫ್ರಾಕಿನ ನನ್ನ ಮಗಳು ಗೆಳತಿಯರ ಸಾಲು ಬಿಟ್ಟು ಹಿಂದಕ್ಕೆ ನಡೆದಳು. ಮತ್ತೆ ಏನು ಹಟ ಹಿಡಿದಳೋ ಎಂದು ತಿರುಗಿ ನೋಡಿದರೆ, ಕೊನೆಯ ಬೆಂಚಿನ ಹತ್ತಿರ ಹೋಗಿ ಸುಮ್ಮನೆ ನಿಂತಿದ್ದಳು. ಮಾವ ಕೋಟಿನ ಗುಂಡಿ ಹಾಕಿಕೊಂಡರು, ಮತ್ತೆ ಬಿಚ್ಚಿದರು, ಮತ್ತೆ ಹಾಕಿಕೊಂಡರು. ಬೆಂಚು ಹಿಡಿದು ಎದ್ದರು. ಹೆಜ್ಜೆ ತಾವಾಗಿ ಇಡಲಾರದೆಯೋ ಅಥವಾ ಅವಳಿಗೆ ಧೈರ್ಯ ಹೇಳಲೆಂದೋ, ಅವಳ ಹೆಗಲ ಮೇಲೆ ಕೈಯಿಟ್ಟರು. ಅವರು ನಿಧಾನವಾಗಿ ಹೇಳಿದ್ದು ನನಗೆ ಕೇಳಿಸಿತು.

"ನಡಿಯಮ್ಮಾ."